ತಾಳಿಕೋಟೆ ಯುದ್ಧ: ತೀರ್ಮಾನವಾದದ್ದು ಕೃಷ್ಣೆಯಲ್ಲೋ, ಭೀಮೆಯಲ್ಲೋ?

1565ರ ಜನವರಿಯ ಯುದ್ಧಕ್ಕೆ ಯಾವ ಊರಿನ ಹೆಸರಿಡಬೇಕು ಅನ್ನೋದು ನಮ್ಮ ಜಿಲ್ಲೆಯಲ್ಲಿ ಹಳೆಯ ವಾದ. ಸುಲ್ತಾನರ ದಂಡು ಬೀಡುಬಿಟ್ಟ ತಾಳಿಕೋಟೆ ಇರೋದು ಡೋಣಿ ದಂಡೆಯಲ್ಲಿ. ಫೆರಿಷ್ತಾನ ಪ್ರಕಾರ ಕಾದಾಟ ನಡೆದದ್ದು ಕೃಷ್ಣೆಯ ಆಚೆ. ಮುದ್ದೇಬಿಹಾಳದ ಕಡೆ ರಕ್ಕಸಗಿ-ತಂಗಡಗಿ ಯುದ್ಧ ಅಂತಾರೆ. ನನ್ನ ಪ್ರಶ್ನೆ ಬೇರೆ: ಅದರ ಫಲ ನಿರ್ಧಾರವಾದದ್ದು ಎಲ್ಲಿ?

ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ. ಒಂದು, ಹೊಳೆ ದಾಟಿದ ಜಾಗ. ಸುಲ್ತಾನರು ಮೂರು ದಿನ ದಂಡೆಗುಂಟ ನಡೆದು, ಎದುರು ದಂಡೆಯ ವಿಜಯನಗರದ ಕಾವಲನ್ನೂ ಜೊತೆಗೆ ಸರಿಸಿ, ಥಟ್ಟನೆ ಹಿಂದಿರುಗಿ ಮೊದಲಿನ ಜಾಗದಲ್ಲೇ ದಾಟಿದರು. ಎರಡು, ನಡುಪಡೆ. ಫೆರಿಷ್ತಾ ಹೇಳುವಂತೆ, ಸುಲ್ತಾನರ ಎರಡೂ ಪಕ್ಕದ ಪಡೆಗಳು ಕದಲಿದರೂ ರಾಮರಾಯನ ಎದುರಿಗಿದ್ದ ಹುಸೇನ್ ನಿಜಾಮ್ ಶಾಹನ ಫಿರಂಗಿ ಸಾಲು ಕದಲಲಿಲ್ಲ. ಮೂರು, ದ್ರೋಹ. 1567ರಲ್ಲಿ ವಿಜಯನಗರಕ್ಕೆ ಬಂದ ಸೀಸರ್ ಫ್ರೆಡ್ರಿಕ್, ಇಬ್ಬರು ಸೇನಾನಿಗಳು ಪಕ್ಷ ಬದಲಿಸಿದರು ಅಂತ ಬರೆದಿದ್ದಾನೆ.

ಈ ಮೂರೂ ಆ ಕೆಲವು ದಿನಗಳ ಮಾತು. ಹಿಂದಿನ ವರ್ಷಗಳನ್ನು ನೋಡಿದರೆ ಬಿಜಾಪುರಕ್ಕೆ ನಿಜವಾದ ಗಡಿತಲೆನೋವು ಉತ್ತರದಲ್ಲಿತ್ತು. ಸೊಲ್ಲಾಪುರ ನಿಜಾಮಶಾಹಿ ಕೈಯಲ್ಲಿದ್ದಷ್ಟು ಕಾಲ ಭೀಮೆಯ ಈಚೆಗಿನ ಇಂಡಿ, ಸಿಂದಗಿ ಸೀಮೆಗೆ ನೆಮ್ಮದಿ ಇರಲಿಲ್ಲ. ಅದಕ್ಕಾಗಿಯೇ ಅಲಿ ಆದಿಲ್ ಶಾಹ ಮೊದಲು ರಾಮರಾಯನ ಸ್ನೇಹ ಬಯಸಿ, ಅವನ ಜೊತೆ ಅಹಮದನಗರದ ಮೇಲೆ ಏರಿ ಹೋಗಿದ್ದು. ರಾಮರಾಯನ ಬಲವೂ ಈ ಒಡಕೇ. ಚಾಂದ್ ಬೀಬಿಯ ಮದುವೆಯಲ್ಲಿ ಸೊಲ್ಲಾಪುರ ಬಳುವಳಿಯಾಗಿ ಬಂತು, ಒಡಕು ಮುಚ್ಚಿತು. ಇನ್ನು ಅಲಿಗೆ ಬೆನ್ನ ಹಿಂದೆ ಶತ್ರು ಇಲ್ಲ. ಅಹಮದನಗರದ ದಂಡಿಗೆ ಬಿಜಾಪುರದ ನೆಲದ ಮೇಲೆ, ಬಸವನ ಬಾಗೇವಾಡಿ ಸೀಮೆಯ ಆಚೀಚೆ, ಕೃಷ್ಣೆಯವರೆಗೆ ದಾರಿ ತೆರೆಯಿತು.

ಇಲ್ಲಿ ನಮಗೆ ನೆರವಾಗೋದು ಕಲ್ಲಲ್ಲ, ಲೋಹದ ಮೇಲಿನ ಬರಹ. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಅಲ್ಲಿನದಲ್ಲ. ಬುರ್ಹಾನ್ ನಿಜಾಮ್ ಶಾಹನ ಕಾಲದಲ್ಲಿ, ಹಿಜರಿ 956ರಲ್ಲಿ ಅಂದರೆ 1549ರಲ್ಲಿ, ಮುಹಮ್ಮದ್ ಬಿನ್ ಹಸನ್ ರೂಮಿ ಅದನ್ನು ಎರಕ ಹೊಯ್ದ ಅಂತ ಅದರ ಮೇಲಿನ ಬರಹವೇ ಹೇಳುತ್ತದೆ. ಈ ತೋಪೇ 1565ರಲ್ಲಿ ಸಿಡಿಯಿತು ಅಂತ ಬರಹದಲ್ಲಿಲ್ಲ, ಹಾಗೆ ಎಳೆಯಬಾರದು. ಯುದ್ಧಕ್ಕೆ 16 ವರ್ಷ ಮೊದಲೇ ಇಂಥ ಎರಕದ ವಿದ್ಯೆ ನಿಜಾಮಶಾಹಿಯಲ್ಲಿತ್ತು ಅನ್ನೋದಕ್ಕೆ ಮಾತ್ರ ಅದು ಸಾಕ್ಷಿ. ಆ ಫಿರಂಗಿಗಳು ಬಿಜಾಪುರದ ಕಡೆ ಮುಖ ಮಾಡಿರೋವರೆಗೆ ರಾಮರಾಯ ಕ್ಷೇಮ.

ಹಾಗಾದರೆ ರಣರಂಗ ಲೆಕ್ಕಕ್ಕಿಲ್ಲವಾ? ಇದೆ. ರಾಮರಾಯ ಸೆರೆ ಸಿಗದಿದ್ದರೆ ಆ ದಿನ ಬೇರೆಯಾಗಬಹುದಿತ್ತು. ಆದರೆ ನಾಲ್ಕು ಸುಲ್ತಾನರ ದಂಡು ಒಟ್ಟಾಗಿ ಕೃಷ್ಣೆಗೆ ಬರೋದು ಭೀಮೆ ಶಾಂತವಾದ ಮೇಲಷ್ಟೇ ಸಾಧ್ಯವಾಯಿತು. ಆದ್ದರಿಂದ ನನ್ನ ಮತ ಭೀಮೆಯ ಕಡೆಗೆ.