ಮತದಾನದ ಹಕ್ಕು: ಕಾಪು–ಉಡುಪಿ ಕರಾವಳಿಯ ಇತಿಹಾಸ

ಕಾಪು, ಉಡುಪಿ, ಕಾರ್ಕಳ ಪ್ರದೇಶಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹಾಗಾಗಿ ಇಲ್ಲಿನ ಮತದಾನದ ಹಕ್ಕು ಮೊದಲು ರೂಪುಗೊಂಡದ್ದು ಮದರಾಸಿನ ಶಾಸನಗಳಡಿಯಲ್ಲಿ. ಆಸ್ತಿವಂತ ಗಂಡಸರ ಕೈಯಲ್ಲಿದ್ದ ಆ ಹಕ್ಕು ವಯಸ್ಕರೆಲ್ಲರದಾಗಲು ಸುಮಾರು ಮೂರು ದಶಕ ಹಿಡಿಯಿತು.

ಆಸ್ತಿಯ ಅರ್ಹತೆ

1919ರ ಭಾರತ ಸರ್ಕಾರ ಕಾಯ್ದೆಯಂತೆ 1920ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಚುನಾವಣೆ ನಡೆಯಿತು. ಮತದಾರರಾಗಲು ನಿಗದಿತ ಮಟ್ಟದ ಜಮೀನು ಅಥವಾ ತೆರಿಗೆ ಪಾವತಿ ಬೇಕಿತ್ತು. ಇದರಿಂದ ಭೂಮಿಯಿಲ್ಲದ ಕೂಲಿಯಾಳುಗಳು, ಬಡ ಮೀನುಗಾರರು ಬಹುಪಾಲು ಹೊರಗುಳಿದರು. 1935ರ ಕಾಯ್ದೆ ಅಕ್ಷರಸ್ಥರಿಗೂ ಅವಕಾಶ ಕೊಟ್ಟು ಮತದಾರರ ಸಂಖ್ಯೆಯನ್ನು ಹಿಗ್ಗಿಸಿತಾದರೂ 1937ರ ಚುನಾವಣೆಯಲ್ಲೂ ಹೆಚ್ಚಿನ ಜನರಿಗೆ ಮತವಿರಲಿಲ್ಲ.

ಮಹಿಳೆಯರ ಹಕ್ಕು

1921ರಲ್ಲಿ ಮದರಾಸು ಪರಿಷತ್ತು ಮಹಿಳೆಯರಿಗಿದ್ದ ನಿರ್ಬಂಧವನ್ನು ತೆಗೆದುಹಾಕಿತು. ಬ್ರಿಟಿಷ್ ಭಾರತದ ಪ್ರಾಂತ್ಯಗಳಲ್ಲಿ ಈ ಹೆಜ್ಜೆಯಿಟ್ಟ ಮೊದಲನೆಯದು ಮದರಾಸು. ಆದರೆ ಆಸ್ತಿಯ ಷರತ್ತು ಉಳಿದಿದ್ದರಿಂದ ಹಕ್ಕು ಪಡೆದವರು ಕೆಲವರೇ. 1926ರಲ್ಲಿ ಸ್ಪರ್ಧೆಗೂ ಅವಕಾಶ ದೊರೆತಾಗ, ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ ಅವರ ಪ್ರೋತ್ಸಾಹದಿಂದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ (1903–1988) ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಪ್ರಚಾರಕ್ಕೆ ಹೆಚ್ಚು ದಿನಗಳಿರಲಿಲ್ಲ. ಅವರು ಸೋತದ್ದು ಅಲ್ಪ ಅಂತರದಿಂದ.

ವಯಸ್ಕ ಮತಾಧಿಕಾರ

ಸಂವಿಧಾನ ಜಾರಿಯಾಗುವ ಮೊದಲೇ, ವಯಸ್ಕರೆಲ್ಲರನ್ನೂ ಒಳಗೊಂಡ ಮತದಾರರ ಪಟ್ಟಿಯ ತಯಾರಿಯನ್ನು ಸಂವಿಧಾನ ಸಭೆಯ ಸಚಿವಾಲಯ ಆರಂಭಿಸಿತ್ತು. ಆಗ ಸಭೆಯ ಸಂವಿಧಾನ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. 326ನೇ ವಿಧಿ 21 ವರ್ಷ ತುಂಬಿದವರಿಗೆಲ್ಲ ಮತ ಕೊಟ್ಟಿತು. ಆಸ್ತಿ, ಓದುಗಳ ಷರತ್ತು ಬಿದ್ದುಹೋಯಿತು. ಆದರೂ 1951–52ರ ಮೊದಲ ಮಹಾಚುನಾವಣೆಯಲ್ಲಿ, ಮುಖ್ಯವಾಗಿ ಉತ್ತರ ಭಾರತದಲ್ಲಿ, ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಬಿಟ್ಟುಹೋದರು. ಆ ಚುನಾವಣೆಯಲ್ಲಿ ದಕ್ಷಿಣ ಕನ್ನಡದ ಉತ್ತರ ಲೋಕಸಭಾ ಕ್ಷೇತ್ರದಿಂದ ಯು. ಶ್ರೀನಿವಾಸ ಮಲ್ಯ, ದಕ್ಷಿಣ ಕ್ಷೇತ್ರದಿಂದ ನರಸಿಂಗ ರಾಯರ ತಮ್ಮ ಬಿ. ಶಿವರಾವ್ ಗೆದ್ದರು.

ನಂತರದ ಬೆಳವಣಿಗೆ

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಪು ವಿಧಾನಸಭಾ ಕ್ಷೇತ್ರವಾಯಿತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಪ್ರಾತಿನಿಧ್ಯದ ಪ್ರಶ್ನೆ ಮುಂದುವರಿದದ್ದು ಪಂಚಾಯತಿಗಳಲ್ಲಿ: 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಾಯಿತು. ಪಂಚಾಯತ್ ರಾಜ್ ಕಾಯ್ದೆಯ 2010ರ ತಿದ್ದುಪಡಿಯ ಬಳಿಕ ಕರ್ನಾಟಕದ ಪಂಚಾಯತಿಗಳಲ್ಲಿ ಮಹಿಳಾ ಮೀಸಲಾತಿ ಶೇಕಡಾ 50.