ಮೈಕ್ರೋವೇವ್ ಓವನ್ ಕೆಟ್ಟರೆ ಪ್ಲಗ್ ತೆಗೆದು ನಾವೇ ಬಿಚ್ಚಬಹುದೇ?

"ಓವನ್ ಬಿಸಿಯಾಗುತ್ತಿಲ್ಲವೇ? ಪ್ಲಗ್ ತೆಗೆಯಿರಿ, ಹಿಂದಿನ ಸ್ಕ್ರೂ ಬಿಚ್ಚಿ, ಫ್ಯೂಸ್ ಬದಲಿಸಿ, ದುಡ್ಡು ಉಳಿಸಿ." ಇಂಥ ಸಲಹೆ ಕೊಡುವ ವಿಡಿಯೊಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ತರೀಕೆರೆಯ ಕಡೆ ತೋಟದ ಮನೆಯಲ್ಲಿರುವವರಿಗೆ ಇದು ಸುಲಭದ ದಾರಿ ಅನ್ನಿಸುವುದು ಸಹಜ. ಕಂಪನಿಯ ಮೆಕ್ಯಾನಿಕ್ ಶಿವಮೊಗ್ಗದಿಂದಲೋ ಚಿಕ್ಕಮಗಳೂರಿನಿಂದಲೋ ಬರಬೇಕೆಂದರೆ ದಿನಗಟ್ಟಲೆ ಕಾಯಬೇಕಾಗಬಹುದು. ಆದರೆ ಈ ಸಲಹೆಯಲ್ಲಿ ಜೀವಕ್ಕೇ ಕುತ್ತು ತರುವ ಒಂದು ತಪ್ಪಿದೆ. ಪ್ಲಗ್ ತೆಗೆದ ಮಾತ್ರಕ್ಕೆ ಓವನ್ ಒಳಗೆ ಕರೆಂಟ್ ಇಲ್ಲ ಎಂದು ನಂಬುವಂತಿಲ್ಲ.

ಗೋಡೆಯಿಂದ ಬರುವ 230 ವೋಲ್ಟನ್ನು ಓವನ್‌ನ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್‌ಗೆ ಏರಿಸುತ್ತದೆ. ಕೆಪ್ಯಾಸಿಟರ್ ಮತ್ತು ಡಯೋಡ್ ಸೇರಿ ಅದನ್ನು ಇನ್ನೂ ಹೆಚ್ಚಿಸಿ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಊಟ ಬಿಸಿ ಮಾಡುವ ತರಂಗ ಹುಟ್ಟುವುದು ಅಲ್ಲಿಯೇ. ಕೆಪ್ಯಾಸಿಟರ್ ಒಂದು ತೊಟ್ಟಿಯಿದ್ದ ಹಾಗೆ. ಮೇನ್ ನಲ್ಲಿ ನಿಲ್ಲಿಸಿದರೂ ತುಂಬಿದ್ದು ಒಳಗೇ ಉಳಿಯಬಹುದು. ಅದನ್ನು ನಿಧಾನವಾಗಿ ಖಾಲಿ ಮಾಡಲು ಸಾಮಾನ್ಯವಾಗಿ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಆದರೆ ನಿಮ್ಮ ಓವನ್ ಕೆಟ್ಟಿದೆ ತಾನೆ? ಕೆಟ್ಟಿರುವುದು ಆ ರೆಸಿಸ್ಟರೇ ಆಗಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಮಿಕ್ಸಿ ಬಿಚ್ಚಿ ರೂಢಿಯಿದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಫ್ಯೂಸ್ ಬದಲಿಸುವ ಮಾತಿನಲ್ಲೂ ಅಪಾಯವಿದೆ. ಓವನ್‌ನ ಬಾಗಿಲಿಗೆ ಒಂದಲ್ಲ, ಹಲವು ಸ್ವಿಚ್‌ಗಳಿರುತ್ತವೆ. ಬಾಗಿಲು ತೆಗೆದರೂ ತರಂಗ ನಿಲ್ಲದ ಹಾಗೆ ಅವು ಕೆಟ್ಟರೆ, ಇನ್ನೊಂದು ಸ್ವಿಚ್ ಬೇಕೆಂದೇ ಫ್ಯೂಸ್ ಸುಡುವಂತೆ ಮಾಡುತ್ತದೆ. ಅಂದರೆ ಸುಟ್ಟ ಫ್ಯೂಸ್ ಕೆಲವೊಮ್ಮೆ ನಿಮ್ಮನ್ನು ಕಾಪಾಡಿದ ಫ್ಯೂಸ್. ಮೇನ್ ಬೋರ್ಡ್‌ಗೆ ದಪ್ಪ ತಂತಿ ಸುತ್ತುವ ನಮ್ಮ ಹಳೇ ಚಾಳಿಯನ್ನು ಇಲ್ಲೂ ತೋರಿಸಿದರೆ ಆ ಕಾವಲನ್ನು ನಾವೇ ಕಿತ್ತುಹಾಕಿದಂತೆ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಕಿಲ್ಲ. ಒಂದು ಸ್ಕ್ರೂ ಕೂಡ ಮುಟ್ಟದೆ ನೋಡಬಹುದಾದ್ದು ಸಾಕಷ್ಟಿದೆ.

ಬಟನ್ ಒತ್ತಿದರೂ ಶುರುವಾಗದಿದ್ದರೆ ಮೊದಲು ಚೈಲ್ಡ್ ಲಾಕ್ ನೋಡಿ. ಮಕ್ಕಳಿರುವ ಮನೆಯಲ್ಲಿ ಅದು ಯಾವಾಗ ಬಿದ್ದಿರುತ್ತದೋ ಗೊತ್ತಾಗುವುದಿಲ್ಲ. ಬಾಗಿಲಿನ ಕೊಂಡಿಗೆ ಅನ್ನದ ಅಗುಳು ಸಿಕ್ಕಿಕೊಂಡಿದ್ದರೂ ಓವನ್ ಓಡುವುದಿಲ್ಲ. ತಟ್ಟೆ ತಿರುಗದಿದ್ದರೆ ಅದನ್ನು ಎತ್ತಿ, ಕೆಳಗಿನ ಚಕ್ರದ ಬಳೆ ತೊಳೆದು, ನಡುವಿನ ಗುಬುಟಿನ ಮೇಲೆ ಸರಿಯಾಗಿ ಕೂರಿಸಿ.

ಒಳಗೆ ಕಿಡಿ ಹಾರುತ್ತಿದ್ದರೆ ತಕ್ಷಣ ನಿಲ್ಲಿಸಿ. ಜರಿ ಅಂಚಿನ ಪಿಂಗಾಣಿ ಅಥವಾ ಫಾಯಿಲ್ ಚೂರು ಒಳಗಿತ್ತೇ ನೋಡಿ. ಇಲ್ಲದಿದ್ದರೆ ಒಳಗೋಡೆಯಲ್ಲಿ ರಟ್ಟಿನಂತೆ ಕಾಣುವ ಹಾಳೆಯನ್ನು ಗಮನಿಸಿ. ಅದು ಅಭ್ರಕ, ನಾವು ಕಾಗೆಬಂಗಾರ ಅನ್ನುತ್ತೇವಲ್ಲ, ಅದೇ. ಸಾರು, ಎಣ್ಣೆ ಸಿಡಿದು ಕರಕಲಾದರೆ ಅಲ್ಲೇ ಕಿಡಿ ಏಳುತ್ತದೆ. ಪ್ಲಗ್ ತೆಗೆದು ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಸುಟ್ಟು ತೂತಾಗಿದ್ದರೆ ಹೊಸದು ಹಾಕಿಸುವವರೆಗೆ ಓವನ್ ಬಳಸಬೇಡಿ. ಪ್ಯಾಕಿಂಗ್ ರಟ್ಟು ಎಂದುಕೊಂಡು ಅದನ್ನು ಕಿತ್ತು ಎಸೆಯುವವರೂ ಇದ್ದಾರೆ!

ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಕಡುಬು ಮಾತ್ರ ತಣ್ಣಗೇ ಇರುತ್ತದೆ ಎಂಬ ದೂರಿಗೆ ಒಂದು ಲೋಟದ ಪರೀಕ್ಷೆ ಇದೆ. ಗಾಜಿನ ಲೋಟದಲ್ಲಿ 250 ಮಿ.ಲೀ. ನೀರು, ಒಂದು ಮರದ ಚಮಚ (ನೀರು ಒಮ್ಮೆಗೇ ಉಕ್ಕಿ ಸಿಡಿಯದಿರಲಿ ಎಂದು), ಪೂರ್ತಿ ಪವರ್, ಎರಡು ನಿಮಿಷ. 800 ವ್ಯಾಟ್ ಓವನ್ ಸರಿಯಿದ್ದರೆ ನೀರು ಕುದಿಯುವ ಹತ್ತಿರ ಬರಬೇಕು. ತಣ್ಣಗೇ ಉಳಿದರೆ ಕೆಟ್ಟಿರುವುದು ಹೆಚ್ಚಾಗಿ ಆ ಹೈ ವೋಲ್ಟೇಜ್ ಭಾಗವೇ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ನೀರು ಬಿಸಿಯಾದರೂ ಸಾಲದು ಅನ್ನಿಸಿದರೆ, ಇದೇ ಪರೀಕ್ಷೆಯನ್ನು ತೋಟದ ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಒಮ್ಮೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಒಮ್ಮೆ ಮಾಡಿ. ರಾತ್ರಿ ಚೆನ್ನಾಗಿ ಕಾದರೆ ಕೆಟ್ಟಿರುವುದು ಓವನ್ ಅಲ್ಲ, ವೋಲ್ಟೇಜ್. ಅದಕ್ಕೆ ಮೆಸ್ಕಾಂನ 1912ಕ್ಕೆ ದೂರು ಕೊಡಬೇಕು, ಓವನ್ ರಿಪೇರಿಗೆ ದುಡ್ಡು ಸುರಿಯುವುದಲ್ಲ. ಇನ್ನೊಂದು ವಿಷಯ: 800 ವ್ಯಾಟ್ ಎಂಬುದು ಊಟಕ್ಕೆ ಸಿಗುವ ಶಕ್ತಿ, ಓವನ್ ಗೋಡೆಯಿಂದ ಎಳೆಯುವುದು 1200 ವ್ಯಾಟ್‌ನ ಆಸುಪಾಸು, ಅಂದರೆ 5 ಆಂಪಿಯರ್‌ಗಿಂತ ಹೆಚ್ಚು. ಟಿವಿಯ ಪಕ್ಕದ ಚಿಕ್ಕ ಸಾಕೆಟ್‌ಗೆ, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಚುಚ್ಚಬೇಡಿ. ದೊಡ್ಡ ಪವರ್ ಪ್ಲಗ್ಗೇ ಬೇಕು. ಮೈ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಮಾಡಿಸುವವರೆಗೆ ಹಚ್ಚಲೇಬೇಡಿ.

ಮತ್ತೊಂದು ಫಾರ್ವರ್ಡ್: ಮೊಬೈಲನ್ನು ಓವನ್ ಒಳಗಿಟ್ಟು ಕರೆ ಮಾಡಿ, ರಿಂಗ್ ಆದರೆ ತರಂಗ ಸೋರುತ್ತಿದೆ ಎಂದರ್ಥ. ಇದು ಸುಳ್ಳು. ಓವನ್ ಬಾಗಿಲಿನ ತಡೆ ರೂಪುಗೊಂಡಿರುವುದು 2450 ಮೆಗಾಹರ್ಟ್ಸ್ ತರಂಗಕ್ಕೆ. ಮೊಬೈಲ್ ಬೇರೆ ತರಂಗಗಳಲ್ಲಿ, ಅದೂ ತೀರಾ ಕ್ಷೀಣ ಸಿಗ್ನಲ್‌ನಲ್ಲೂ ಕೆಲಸ ಮಾಡುತ್ತದೆ. ಸರಿಯಿರುವ ಓವನ್ ಒಳಗೂ ಅದು ರಿಂಗ್ ಆಗಬಹುದು. ಸೋರಿಕೆಯ ಮಿತಿ 5 ಸೆಂ.ಮೀ. ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್. ಅಳೆಯಲು ಮೀಟರ್ ಬೇಕು. ನೀವು ನೋಡಬೇಕಾದ್ದು ಬಾಗಿಲನ್ನು: ಕೀಲು ಸಡಿಲವೇ, ಗಾಜು ಬಿರುಕೇ, ಅಂಚು ಬಾಗಿದೆಯೇ, ತೆರೆದ ತಕ್ಷಣ ಬಿಸಿ ಮಾಡುವುದು ನಿಲ್ಲುತ್ತದೆಯೇ? ಒಂದರಲ್ಲಿ ಅನುಮಾನ ಬಂದರೂ ಪ್ಲಗ್ ತೆಗೆದಿಡಿ.

ವಾರಂಟಿ ಇದ್ದರೆ ಕಂಪನಿಯವರನ್ನೇ ಕರೆಯಿರಿ. ಬೇರೆಯವರು ಬಿಚ್ಚಿದ್ದಾರೆಂದು ವಾರಂಟಿ ತಳ್ಳಿಹಾಕಬಹುದು. ಊರಿನ ರಿಪೇರಿಯವರ ಹತ್ತಿರ ಒಯ್ಯುವುದಾದರೆ "ಕೆಪ್ಯಾಸಿಟರ್ ಹೇಗೆ ಖಾಲಿ ಮಾಡ್ತೀರಿ?" ಎಂದು ಕೇಳಿ. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಓವನ್ ವಾಪಸ್ ತನ್ನಿ. ಅದು ಅವರ ಜೀವದ ಪ್ರಶ್ನೆಯೂ ಹೌದು.