ನಾರಿನ ಹೊಲಿಗೆ, ಕಬ್ಬಿಣದ ಮೊಳೆ: ಉತ್ತರ ಕನ್ನಡದ ಬಂದರುಗಳಲ್ಲಿ ಹಲಗೆ ಜೋಡಿಸಿದ ಬಗೆ

ಮರದ ಹಡಗಿನ ಆಯುಷ್ಯವು ಅದರ ಹಲಗೆಯ ಗುಣವನ್ನು ಎಷ್ಟು ಅವಲಂಬಿಸಿರುತ್ತದೆಯೋ, ಹಲಗೆಗಳನ್ನು ಒಂದಕ್ಕೊಂದು ಬಿಗಿದ ರೀತಿಯನ್ನೂ ಅಷ್ಟೇ ಅವಲಂಬಿಸಿರುತ್ತದೆ. ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳಿರುವ ಕರಾವಳಿಯಲ್ಲಿ ಈ ಬಿಗಿತಕ್ಕೆ ತೆಂಗಿನ ನಾರಿನ ಹುರಿ ಮತ್ತು ಕಬ್ಬಿಣದ ಮೊಳೆ ಎಂಬ ಎರಡು ಸಾಧನಗಳು ಬಹುಕಾಲ ಜೊತೆಯಾಗಿಯೇ ಬಳಕೆಯಲ್ಲಿದ್ದವು. ಹೊಲಿಗೆಯು ಹಿಂದುಳಿದವರ ವಿಧಾನವೆಂದೂ ಮೊಳೆಯು ಮುಂದುವರಿದವರ ವಿಧಾನವೆಂದೂ ಎಣಿಸುವ ವಾಡಿಕೆಗೆ ವಿದೇಶೀಯರ ಬರಹಗಳು ಆಧಾರವಾದವು. ಆದರೆ ಈ ತೀರದ ಇತಿಹಾಸವು ಆ ಎಣಿಕೆಗೆ ಒಗ್ಗುವುದಿಲ್ಲ.

ಹೊಲಿದ ಹಡಗಿನಲ್ಲಿ ಹಲಗೆಗಳು ಒಂದರ ಮೇಲೊಂದು ಏರದೆ ಅಂಚಿಗೆ ಅಂಚು ಕೂಡುತ್ತವೆ. ಎರಡೂ ಅಂಚುಗಳ ಉದ್ದಕ್ಕೆ ಸಮಾನ ಅಂತರದಲ್ಲಿ ತೂತು ಕೊರೆದು, ಸಂದಿಯ ಮೇಲೆ ನಾರಿನ ಸುರುಳಿಯನ್ನು ಒತ್ತಾಗಿ ಇಟ್ಟು, ಅದನ್ನು ಅದುಮಿ ಹಿಡಿಯುವಂತೆ ಹುರಿಯನ್ನು ಅಡ್ಡಡ್ಡವಾಗಿ ಹಾಯಿಸಿ ಬಿಗಿಯಲಾಗುತ್ತದೆ. ಬಳಿಕ ತೂತುಗಳನ್ನು ನಾರು ಮತ್ತು ರಾಳದಿಂದ ಮುಚ್ಚಿ, ಹಲಗೆಗಳಿಗೆ ಮೀನೆಣ್ಣೆಯನ್ನು ಬಳಿಯಲಾಗುತ್ತದೆ. ಕರಾವಳಿಯಲ್ಲಿ ಕತ್ತವೆಂದು ಕರೆಯುವ ಈ ಹುರಿಗಾಗಿ ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಹಾಕಿ, ಬಡಿದು, ನಾರನ್ನು ಬಿಡಿಸಿ ಹೊಸೆಯುತ್ತಾರೆ. ಉಪ್ಪುನೀರು ಕಬ್ಬಿಣವನ್ನು ತಿಂದುಹಾಕುತ್ತದೆ, ಆದರೆ ಇದೇ ಉಪ್ಪುನೀರಿಗೆ ಈ ನಾರು ಬಹುಕಾಲ ಜಗ್ಗದೆ ನಿಲ್ಲುತ್ತದೆ. ಹೊಲಿಗೆಗೆ ಮಿತಿಗಳಿಲ್ಲವೆಂದಲ್ಲ: ಸಂದಿಗಳಲ್ಲಿ ನೀರು ಜಿನುಗುವುದರಿಂದ ಅದನ್ನು ಆಗಾಗ ಮೊಗೆದು ಹೊರಗೆ ಚೆಲ್ಲಬೇಕು, ಹುರಿ ಸಡಿಲಿದಾಗ ಹಲಗೆಗಳನ್ನು ಬಿಚ್ಚಿ ಮತ್ತೆ ಹೊಲಿಯಬೇಕು.

6ನೆಯ ಶತಮಾನದ ಬೈಜಾಂಟೈನ್ ಇತಿಹಾಸಕಾರ ಪ್ರೊಕೋಪಿಯಸ್ ಭಾರತದ ಕಡಲಿನ ಹಡಗುಗಳಲ್ಲಿ ಕಬ್ಬಿಣವಿಲ್ಲದಿರುವುದನ್ನು ಗಮನಿಸಿ, ಸಮುದ್ರದಲ್ಲಿ ಅಯಸ್ಕಾಂತದ ಬಂಡೆಗಳಿದ್ದು ಅವು ಮೊಳೆಗಳನ್ನು ಸೆಳೆದುಕೊಳ್ಳುತ್ತವೆ ಎಂಬ ಜನಪ್ರಿಯ ಕಥೆಯನ್ನು ಸರಿಯಾಗಿಯೇ ತಳ್ಳಿಹಾಕಿದ. ಆದರೆ ಅದರ ಬದಲಿಗೆ ಅವನು ಕೊಟ್ಟ ಕಾರಣವು, ಅಂದರೆ ಭಾರತೀಯರಲ್ಲಿ ಕಬ್ಬಿಣವೇ ಇಲ್ಲವೆಂಬುದು, ಕಥೆಗಿಂತ ಹೆಚ್ಚು ನಂಬಲರ್ಹವಾದದ್ದಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳಲ್ಲಿ ಅವನಿಗಿಂತ ನೂರಾರು ವರ್ಷ ಹಿಂದಿನ ಕಬ್ಬಿಣದ ಆಯುಧಗಳು ದೊರೆತಿವೆ. ಇನ್ನು 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಭಟ್ಕಳವನ್ನು ವರ್ಣಿಸುವಾಗ ಅಲ್ಲಿಂದ ಹೊರಹೋಗುವ ಸರಕುಗಳಲ್ಲಿ ಅಕ್ಕಿ ಮತ್ತು ಸಕ್ಕರೆಯ ಜೊತೆಗೆ ಕಬ್ಬಿಣವನ್ನೂ ಹೆಸರಿಸುತ್ತಾನೆ. ಕಬ್ಬಿಣವನ್ನು ಹೊರಗೆ ಮಾರುತ್ತಿದ್ದ ಬಂದರನ್ನೂ ಒಳಗೊಂಡ ಈ ಕರಾವಳಿಯಲ್ಲಿ ಹೊಲಿಗೆಯು ಉಳಿದುಬಂದಿತೆಂದರೆ, ಅದಕ್ಕೆ ಲೋಹದ ಕೊರತೆಯು ಕಾರಣವಾಗಿರಲಾರದು.

ಹೆಚ್ಚು ತೃಪ್ತಿಕರವಾದ ವಿವರಣೆಯು ಕಡಲನ್ನು ಬಲ್ಲವನಿಂದ ಬಂದಿದೆ. 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತಾ, ಅಲ್ಲಿನ ಜನರು ಕಡಲ ವ್ಯಾಪಾರದಿಂದಲೇ ಬದುಕುತ್ತಿದ್ದರೆಂದೂ ಅಲ್ಲಿನ ಸುಲ್ತಾನ ಜಮಾಲುದ್ದೀನನು ಗೋವೆಯ ಕಡೆಗೆ 52 ಹಡಗುಗಳ ದಂಡನ್ನು ಒಯ್ದನೆಂದೂ ದಾಖಲಿಸಿದ್ದಾನೆ. ತೆಂಗಿನ ಹುರಿಯ ಬಗ್ಗೆ ಬರೆಯುವಾಗ ಇದೇ ಯಾತ್ರಿಕ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆಂದೂ ಹುರಿಯಿಂದ ಹೊಲಿದ ಹಡಗು ಬಾಗಿ, ಪೆಟ್ಟನ್ನು ತಾಳಿಕೊಳ್ಳುತ್ತದೆಂದೂ ತಿಳಿಸುತ್ತಾನೆ. ಅದಕ್ಕಿಂತ ಅರ್ಧ ಶತಮಾನದಷ್ಟು ಹಿಂದೆ ಹೊರ್ಮುಜ್‌ನಲ್ಲಿ ಹೊಲಿದ ಹಡಗುಗಳನ್ನು ನೋಡಿದ ಮಾರ್ಕೊ ಪೋಲೊ ಅವುಗಳನ್ನು ತೀರಾ ಕಳಪೆಯೆಂದು ಬಗೆದಿದ್ದ. ಇಬ್ಬರಲ್ಲಿ ಇಬ್ನ್ ಬತೂತಾನ ಮಾತಿಗೇ ಹೆಚ್ಚು ತೂಕ ಸಲ್ಲಬೇಕು, ಏಕೆಂದರೆ ಉತ್ತರ ಕನ್ನಡದ ಕರಾವಳಿಯ ರಚನೆಯೇ ಅವನ ಮಾತನ್ನು ಪುಷ್ಟೀಕರಿಸುತ್ತದೆ. ಹೊನ್ನಾವರದಲ್ಲಿ ಶರಾವತಿಯೂ ಕುಮಟಾದ ದಕ್ಷಿಣ–ಉತ್ತರಗಳ ಇತರ ಹೊಳೆಗಳೂ ಕಡಲನ್ನು ಸೇರುವ ಅಳಿವೆಗಳಲ್ಲಿ ಮರಳ ದಿಬ್ಬಗಳು ನೆಲೆ ಬದಲಿಸುತ್ತಿರುತ್ತವೆ. ದೋಣಿಯ ತಳವು ದಿಬ್ಬಕ್ಕೆ ತಾಗಿದಾಗ ಹಲಗೆಯು ಕೊಂಚ ಜರುಗಲು ಎಡೆಯಿದ್ದರೆ ಆಘಾತವು ಇಡೀ ಹೊಲಿಗೆಗೆ ಹಂಚಿಹೋಗುತ್ತದೆ, ಎಡೆಯಿಲ್ಲದಿದ್ದರೆ ಮೊಳೆಯ ಸುತ್ತಲಿನ ಮರದ ಮೇಲೆಯೇ ಬಿದ್ದು ಅಲ್ಲಿಂದಲೇ ಬಿರುಕು ಹೊರಡುತ್ತದೆ. ದಡದ ಮರಳಿನ ಮೇಲೆ ದಿನವೂ ಎಳೆದು ನಿಲ್ಲಿಸಬೇಕಾದ ಮೀನುಗಾರಿಕೆಯ ದೋಣಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಮೇಲಾಗಿ ಹುರಿಯು ತೀರದ ತೆಂಗಿನಿಂದಲೇ ಸಿಗುವಂಥದು. ಅದನ್ನು ಬದಲಿಸಲು ಕುಲುಮೆಯ ನೆರವು ಬೇಕಾಗಿರಲಿಲ್ಲ.

ಮೊಳೆಯು ಪೋರ್ಚುಗೀಸರೊಂದಿಗೆ ಬಂದಿತೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಗಾಸ್ಪರ್ ಕೊರೆಯಾ ಎಂಬ ಪೋರ್ಚುಗೀಸ್ ಇತಿಹಾಸಕಾರನು ವಾಸ್ಕೊ ಡ ಗಾಮನ ಕಾಲದ ಮಲಬಾರದ ಹಡಗುಗಳನ್ನು ವಿವರಿಸುವಾಗ, ಹುರಿಯಿಂದ ಹೊಲಿದವುಗಳ ಜೊತೆಗೆ ಅಗಲ ತಲೆಯ ಮೊಳೆಗಳನ್ನು ಹಲಗೆಯಿಂದ ಪಾರುಮಾಡಿ, ಒಳಗಿನ ತುದಿಗೂ ಅಗಲವಾದ ಇನ್ನೊಂದು ತಲೆಯನ್ನು ಕೂಡಿಸಿ ಬಡಿದ ಹಡಗುಗಳೂ ಇದ್ದುದನ್ನು ಹೇಳುತ್ತಾನೆ. ಇಂದು ರಿವೆಟ್ ಎಂದು ಕರೆಯಲಾಗುವ ಜೋಡಣೆಯ ತತ್ತ್ವವೂ ಇದೇ ಆಗಿದೆ: ಮೊಳೆಯ ಹಿಡಿತವನ್ನು ಮರದ ಬಿಗಿತಕ್ಕೆ ಮಾತ್ರ ಬಿಡದೆ, ಎರಡು ತಲೆಗಳ ನಡುವೆ ಹಲಗೆಯನ್ನು ಅದುಮಿ ಹಿಡಿಯುವುದು. ಫಿರಂಗಿಗಳ ಭಾರವನ್ನೂ ಅವುಗಳ ಹಿಮ್ಮೆಟ್ಟಿನ ಪೆಟ್ಟನ್ನೂ ಹೊರಬೇಕಾದ ಹಡಗಿಗೆ ಬಾಗುವ ಗುಣಕ್ಕಿಂತ ಗಡುಸುತನವು ಮುಖ್ಯವಾದುದರಿಂದ ಮುಂದಿನ ಶತಮಾನಗಳಲ್ಲಿ ದೊಡ್ಡ ಹಡಗುಗಳ ಮಟ್ಟಿಗೆ ಮೊಳೆಯೇ ಗೆದ್ದಿತು.

ಮೊಳೆಯ ಈ ಗೆಲುವಿಗೆ ಘಟ್ಟದ ಸಾಗವಾನಿಯು ನೆರವಾಯಿತು. ಓಕ್ ಮರದಲ್ಲಿರುವ ಆಮ್ಲವು ಕಬ್ಬಿಣವನ್ನು ಬೇಗನೆ ಕೊರೆಯುತ್ತದೆ, ಎಣ್ಣೆಯಂಶವಿರುವ ಸಾಗವಾನಿಯಲ್ಲಿ ಮೊಳೆಯು ಹೆಚ್ಚು ಕಾಲ ಬಾಳುತ್ತದೆ. ಜೋಡಣೆಯ ಲೋಹವನ್ನು ಸುತ್ತಲಿನ ವಸ್ತುವಿಗೆ ತಕ್ಕಂತೆ ಆರಿಸದಿದ್ದರೆ ಏನಾಗುತ್ತದೆಂಬುದನ್ನು ಬ್ರಿಟಿಷ್ ನೌಕಾಪಡೆಯು ಕಷ್ಟಪಟ್ಟೇ ಕಲಿತಿತು: 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿದಾಗ, ತಾಮ್ರವೂ ಕಬ್ಬಿಣವೂ ಉಪ್ಪುನೀರಿನಲ್ಲಿ ಒಟ್ಟಾಗಿ ವಿದ್ಯುತ್ಕೋಶದಂತೆ ವರ್ತಿಸಿದುದರಿಂದ ಕಬ್ಬಿಣದ ಮೊಳೆಗಳು ಕೆಲವೇ ವರ್ಷಗಳಲ್ಲಿ ಸವೆದುಹೋದವು.

19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟಾದಿಂದ ಮುಂಬಯಿಗೆ ಪತ್ತೆಮಾರಿಗಳೆಂಬ ಹಾಯಿಹಡಗುಗಳಲ್ಲಿ ಸಾಗುತ್ತಿತ್ತು. ಬಂದರಿನ ಹೆಸರೇ ಆ ಹತ್ತಿಗೆ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಗುರುತಾಯಿತು. ಇಂಥ ಭಾರದ ಹಡಗುಗಳು ಮೊಳೆಯವು. ಆದರೆ ಅದೇ ಕಡಲತೀರದಲ್ಲಿ, ದಡದಿಂದಲೇ ಮೀನನ್ನು ಸುತ್ತುವರಿದು ಎಳೆಯುವ ರಂಪಣಿ ಎಂಬ ಮಹಾಬಲೆಯನ್ನು ಒಯ್ಯುತ್ತಿದ್ದ ಚಪ್ಪಟೆ ತಳದ ದೋಣಿಗಳ ಹಲಗೆಗಳನ್ನು 20ನೆಯ ಶತಮಾನದಲ್ಲಿಯೂ ಕತ್ತದಿಂದಲೇ ಹೊಲಿಯುತ್ತಿದ್ದರು. ಎರಡೂ ವಿಧಾನಗಳನ್ನು ಬಲ್ಲವರ ನಡುವೆ ನಡೆದ ಈ ವಿಂಗಡಣೆಯು ಅಜ್ಞಾನದಿಂದ ಆದದ್ದಲ್ಲ, ಹೊರೆ ಮತ್ತು ನೆಲೆಗಳನ್ನು ಅಳೆದು ಮಾಡಿದ ಆಯ್ಕೆ. 1970ರ ದಶಕದಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಹಬ್ಬಿದಾಗ ರಂಪಣಿಯು ಕುಗ್ಗಿತು, ಅದರೊಂದಿಗೆ ಹೊಲಿಗೆಯೂ ಹಿಂದೆ ಸರಿಯಿತು.

ಅಜಂತಾದ ಚಿತ್ರವೊಂದನ್ನು ಆಧರಿಸಿ ಗೋವೆಯಲ್ಲಿ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿತು. ಅದರ ಹಲಗೆಗಳನ್ನು ಹೊಲಿದವರು ಕೇರಳದಿಂದ ಬಂದ ಕುಶಲಕರ್ಮಿಗಳು.